ಅವ್ವನ ಹಾಸಿಗೆ, ಅಕ್ಕನ ದನಿ

"ಸಾರ್, ಸೌಂಡು ಸ್ವಲ್ಪ ವಾರ್ಮ್ ಆಗಿ ಬರ್ಲಿ ಸಾರ್."

ಈ ಮಾತು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ನನ್ನ ಸ್ಟುಡಿಯೋಗೆ ಬರುವವರೆಲ್ಲ ಇದನ್ನೇ ಹೇಳುತ್ತಾರೆ. ಭಾವಗೀತೆಯವರು, ದೇವರನಾಮದವರು, ಮೊಬೈಲಿಗೆ ಅರ್ಧ ನಿಮಿಷದ ಹಾಡು ಹಾಕುವ ಹುಡುಗರು, ಎಲ್ಲರಿಗೂ ದನಿ ಬೆಚ್ಚಗಿರಬೇಕು, ಸಹಜವಾಗಿರಬೇಕು. ಬೆಚ್ಚಗೆ ಅಂದರೆ ಹೇಗಪ್ಪಾ ಅಂತ ಕೇಳಿದರೆ ಒಬ್ಬರಿಗೂ ಹೇಳಲು ಬರುವುದಿಲ್ಲ. ಎದೆಯ ಹತ್ತಿರ ಕೈ ತಂದು, ಚಪಾತಿ ಹಿಟ್ಟು ನಾದಿದ ಹಾಗೆ ಏನೋ ಮಾಡಿ ತೋರಿಸುತ್ತಾರೆ. ಬೆಚ್ಚಗೆ ಬೇಕಾದರೆ ಸರ್ಕಲ್ಲಿಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಅನ್ನೋಣ ಅನ್ನಿಸುತ್ತದೆ. ಅನ್ನುವುದಿಲ್ಲ. ಜಗಳ ಆಡಲಿಕ್ಕೂ ಉಸಿರು ಬೇಕಲ್ಲ, ನನಗೆ ಈಗ ಅಷ್ಟು ಉಸಿರಿಲ್ಲ.

ನನ್ನದು ಮೈಸೂರಿನ ಬೋಗಾದಿಯಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ ನಡೆಸುವ ಸಣ್ಣ ಸ್ಟುಡಿಯೋ. ಕಟ್ಟಿಸಿದಾಗ ಸುತ್ತ ಹೊಲ ಇತ್ತು, ರಾಗಿ ಮೇಲೆ ಗಾಳಿ ಹೋಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಈಗ ಮೂರು ಕಡೆ ಮನೆ ಕಟ್ಟುತ್ತಿದ್ದಾರೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದಕ್ಕೆ ಗುದ್ದಲಿ ಪೂಜೆ. ಟೈಲ್ಸ್ ಕೊಯ್ಯುವವನಂತೂ ನಾನು ಮೈಕ್ ಆನ್ ಮಾಡುವುದನ್ನೇ ಕಾಯುತ್ತಿರುತ್ತಾನೆ ಅಂತ ನನಗೆ ಗಟ್ಟಿ ಅನುಮಾನ. ಹಾಗಾಗಿ ಗಾರೆಯವರ ಊಟದ ಹೊತ್ತೇ ನನ್ನ ರೆಕಾರ್ಡಿಂಗಿನ ಹೊತ್ತು. ಒಂದು ಗಂಟೆಗೆ ಅವರು ಬುತ್ತಿ ಬಿಚ್ಚಿದರೆ ನಾನು ಒಳಗೆ ಮೈಕ್ ಬಿಚ್ಚುತ್ತೇನೆ. ನನ್ನ ಊಟ ಮೂರಕ್ಕೋ ನಾಲ್ಕಕ್ಕೋ. ಹೊಟ್ಟೆ ಹುಣ್ಣು ಸುಮ್ಮನೆ ಬರುತ್ತದೆಯೇ?

ದನಿ ಬೆಚ್ಚಗೆ ಬರುವುದು ಮೈಕಿನಿಂದ ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಒಳ್ಳೆಯ ಮೈಕ್ ತಂದೆ. ಆಮೇಲೆ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಸಿದೆ. ಅದರಲ್ಲಿ ಒಂದು ಗುಂಡಿ ತಿರುಗಿಸಿದರೆ ದನಿ ಬೆಚ್ಚಗಾಗುತ್ತದಂತೆ. ತಿರುಗಿಸಿದೆ. ಹಾಡುವವರು ಬಾಯಿಗೆ ಕಂಬಳಿ ಮುಚ್ಚಿಕೊಂಡು ಹಾಡಿದ ಹಾಗಾಯಿತು. ತಿಳಿದಿದ್ದು ಬಹಳ ತಡವಾಗಿ, ಅದೆಲ್ಲ ಇರುವುದು ಕೋಣೆಯಲ್ಲಿ. ಬರೀ ಗೋಡೆ ಇದ್ದರೆ ದನಿ ಹೋಗಿ ಗೋಡೆಗೆ ಬಡಿದು ವಾಪಸ್ಸು ಬಂದು ಮೈಕಿಗೆ ಬೀಳುತ್ತದೆ, ಸ್ಟೀಲ್ ತಟ್ಟೆ ಕೈಜಾರಿದ ಹಾಗೆ ಕೇಳುತ್ತದೆ. ಗೋಡೆಗೆ ಹೋದ ದನಿಯನ್ನು ಅಲ್ಲೇ ಹಿಡಿದು ಕೂರಿಸಿಕೊಳ್ಳಲು ಏನಾದರೂ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹಾಡುವವರನ್ನು ನಾನೆಷ್ಟೋ ಸಲ ಆಡಿಕೊಂಡಿದ್ದೆ. ಈ ಕಸುಬಿನಲ್ಲಿ ನೆಲ ನಿಜವಾಗಿಯೂ ಡೊಂಕಿರುತ್ತದೆ ಕಣ್ರೀ.

ನನ್ನ ಕೋಣೆಯ ಡೊಂಕು ತಿದ್ದಿದ್ದು ಅವ್ವನ ಹಾಸಿಗೆ.

ನಮ್ಮದು ಹಿನಕಲ್ ಕಡೆಯ ಬೇಸಾಯದ ಮನೆತನ. ಹೊಲದ ಬದುವಿನಲ್ಲಿ ಒಂದು ಬೂರುಗದ ಮರ ಇತ್ತು. ಕಾಯಿ ಒಣಗಿ ಒಡೆಯುವ ಹೊತ್ತಿಗೆ ಅವ್ವ ಸೀರೆ ಸೆರಗು ಮೂಗಿಗೆ ಕಟ್ಟಿಕೊಂಡು ಹತ್ತಿ ಆರಿಸಿ ಚೀಲಕ್ಕೆ ತುಂಬುತ್ತಿದ್ದಳು. ಆ ಹೊಲ ಈಗ ಬಡಾವಣೆ, ಆ ಮರ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಹತ್ತಿ ಮಾತ್ರ ಒಂದು ದಪ್ಪ ಹಾಸಿಗೆಯಾಗಿ ಅವ್ವನ ಜೊತೆ ಬೋಗಾದಿಗೆ ಬಂತು. ಕಡೆಯ ವರ್ಷಗಳಲ್ಲಿ ಅವ್ವ ನನ್ನ ಮನೆಯಲ್ಲೇ ಇದ್ದಳು. ಉಬ್ಬಸ ಬೇರೆ. ಆ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಅದರ ಮೇಲೇ ಹೋದಳು.

ನಮ್ಮಲ್ಲಿ ಸತ್ತವರು ಮಲಗಿದ್ದ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆಯೇ ಚಾಪೆ, ದಿಂಬು, ಹಾಸಿಗೆ ಎಲ್ಲ ಹೊರಗೆ ಹೋಗಿಬಿಡಬೇಕು. ಅವತ್ತು ಚಾಪೆ, ದಿಂಬು ಹೋದವು. ಹಾಸಿಗೆ ಭಾರ, ಹೊರುವವರು ಆಮೇಲೆ ನೋಡೋಣ ಅಂತ ಮಹಡಿ ಮೇಲೆ ಹಾಕಿದರು. ತಿಥಿ ಆಯಿತು, ನೆಂಟರು ಹೊರಟರು. ನಾನು ಅದನ್ನು ಇಳಿಸಿಕೊಂಡು ಬಂದು ಸ್ಟುಡಿಯೋದ ಮೂಲೆಗೆ, ಹಾಡುವವರ ಬೆನ್ನ ಹಿಂದೆ ನಿಲ್ಲಿಸಿದೆ. ದನಿಗೆ ಅಂತಲೇ ನಿಲ್ಲಿಸಿದ್ದು ಅಂದರೆ ಅರ್ಧ ಸುಳ್ಳು. ಅದನ್ನು ಮೋರಿ ಪಕ್ಕ ಎಸೆದು ಬರಲು ನನಗೆ ಮನಸ್ಸಾಗಲಿಲ್ಲ. ಎಸೆದರೆ ಅವ್ವ ಇನ್ನೊಂದು ಸಲ ಹೋದ ಹಾಗೆ ಅನ್ನಿಸಿತು. ಮಾರನೆಯ ವಾರ ಹಾಡಲು ಬಂದ ಒಬ್ಬರು ತಮ್ಮ ದನಿ ತಾವೇ ಕೇಳಿಸಿಕೊಂಡು, "ಅಯ್ಯೋ, ಏನ್ ಮಾಡಿದ್ರಿ ಸಾರ್, ಎಷ್ಟು ಬೆಚ್ಚಗಿದೆ!" ಅಂದರು. ನಾನು ಏನೂ ಮಾಡಿರಲಿಲ್ಲ. ಅವ್ವನ ಹಾಸಿಗೆ ನಿಂತಿತ್ತು, ಅಷ್ಟೇ.

ಇದು ಅಕ್ಕನಿಗೆ ಹೇಗೋ ಗೊತ್ತಾಯಿತು. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಹಿನಕಲ್‌ನಲ್ಲೇ ಕೊಟ್ಟಿದ್ದು. ಸ್ಟುಡಿಯೋ ಹೊಸ್ತಿಲ ಹತ್ತಿರ ಬಂದವಳು ಮೂಲೆ ನೋಡಿ ಅಲ್ಲೇ ನಿಂತಳು.

"ಲೋ, ನಿಂಗೇನು ಬುದ್ಧಿ ಗಿದ್ಧಿ ಅದೆಯೇನೋ? ಸತ್ತೋರ್ ಹಾಸಿಗೆ ಮಡಿಕ್ಕಂಡು ಅದರ ಮುಂದೆ ದೇವರನಾಮ ಹಾಡುಸ್ತೀಯಲ್ಲೋ!"

"ಅವ್ವಂದು ಕಣಕ್ಕ. ಯಾರದ್ದೋ ಅಲ್ವಲ್ಲ."

"ಯಾರದ್ದಾದ್ರೂ ಅಂಗೇ. ಮೊದ್ಲು ಆಚೆಗೆ ಹಾಕು."

ನಾನು ಹಾಕಲಿಲ್ಲ. ಅವಳು ಒಳಗೆ ಬರಲಿಲ್ಲ. ಮನೆಗೆ ಬರುವಳು, ಜಗುಲಿಯಲ್ಲಿ ಕೂತು ಕಾಫಿ ಕುಡಿಯುವಳು, ನನ್ನ ಹೆಂಡತಿಯ ಜೊತೆ ಊರ ಸುದ್ದಿ ಎಲ್ಲ ಮಾತಾಡುವಳು. ಹಿಂದಿನ ಕೋಣೆಯ ಕಡೆ ಮಾತ್ರ ಕತ್ತು ತಿರುಗಿಸುತ್ತಿರಲಿಲ್ಲ. ಹೀಗೇ ವರ್ಷಗಳು ಹೋದವು.

ಅಕ್ಕ ಸೋಬಾನೆ ಹಾಡುವವಳು. ಮದುವೆ ಮನೆಯಲ್ಲಿ ಹೆಣ್ಣಿಗೆ ಅರಿಶಿಣ ಹಚ್ಚುವಾಗ ಹೆಂಗಸರು ಹಾಡುತ್ತಾರಲ್ಲ, ಅದು. ಒಬ್ಬಳು ಮುಂದೆ ಒಂದು ಸಾಲು ಎತ್ತುತ್ತಾಳೆ, ಸುತ್ತ ಕೂತವರು ಅದೇ ಸಾಲನ್ನು ತಗೊಂಡು ಹಿಂದೆ ಹೇಳುತ್ತಾರೆ. ಅಕ್ಕ ಯಾವಾಗಲೂ ಎತ್ತುವವಳು. ಅವಳ ದನಿ ಚಪ್ಪರ ದಾಟಿ ಬೀದಿಗೆ ಕೇಳುತ್ತಿತ್ತು. ಹಿಂದೆ ಹೇಳುವವರಲ್ಲಿ ಅವ್ವ ಒಬ್ಬಳು. ಉಬ್ಬಸದ ಎದೆ, ಸಾಲಿನ ನಡುವೆ ಉಸಿರು ಕಡಿದುಹೋಗುತ್ತಿತ್ತು. ಕಡಿದ ಕಡೆ ಒಂದು ಗಳಿಗೆ ನಿಂತು ಮತ್ತೆ ಸೇರಿಕೊಳ್ಳುವಳು. ಅವ್ವನ್ನ ಯಾರೂ ಮುಂದೆ ಹಾಡು ಅಂತ ಕರೆದಿದ್ದಿಲ್ಲ, ಅವಳೂ ಕೇಳಿದ್ದಿಲ್ಲ.

ಹೋದ ಆಷಾಢದಲ್ಲಿ ಅಕ್ಕ ಬಂದು ಜಗುಲಿಯಲ್ಲಿ ಕೂತಳು. ಕಾಫಿ ಬೇಡ ಅಂದಳು. ಆಗಲೇ ನನಗೆ ದಿಗಿಲಾಯಿತು.

"ಕತ್ತಲ್ಲಿ ಗಡ್ಡೆ ಅದಂತೆ ಕಣೋ. ಕುಯ್ದು ತೆಗೀಬೇಕಂತೆ."

ಥೈರಾಯ್ಡ್ ಗಡ್ಡೆ. ಕೆಟ್ಟದ್ದೇನೂ ಅಲ್ಲವಂತೆ, ಆದರೆ ಬಿಟ್ಟರೆ ಉಸಿರಿಗೆ ತೊಂದರೆ, ಮುಂದಕ್ಕೆ ಹಾಕುವ ಹಾಗಿಲ್ಲವಂತೆ. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗಿದೆ, ಹುಷಾರಾಗೇ ಮಾಡುತ್ತೇವೆ, ಆದರೂ ದನಿ ಮೊದಲಿನ ಹಾಗೇ ಇರುತ್ತದೆ ಅಂತ ಮಾತು ಕೊಡಲಾರೆವು ಅಂತ. ಆಪರೇಷನ್ ಮುಂದಿನ ಸೋಮವಾರ. ಶ್ರಾವಣ ಕಳೆಯುವುದರೊಳಗೆ ಅವಳ ಮೊಮ್ಮಗಳ ಮದುವೆ. ಆ ಹುಡುಗಿ ಲಂಗ ಹಾಕುವ ವಯಸ್ಸಿನಿಂದ ಅಜ್ಜಿಗೆ ಒಂದೇ ಮಾತು ಹೇಳುತ್ತಾ ಬಂದಿದ್ದಳು, ನನ್ನ ಅರಿಶಿಣಕ್ಕೆ ನೀನೇ ಎತ್ತಬೇಕು ಅಂತ.

"ಸೋಮವಾರ ಆದ್ಮೇಲೆ ದನಿ ಇರ್ತದೋ ಹೋಯ್ತದೋ. ಅದಕ್ಕೇ ಈಗ್ಲೇ ತುಂಬ್ಸಿ ಮಡಗ್ಬುಡು. ಮದ್ವೆಲಿ ನನ್ನ ದನಿ ಇರ್ಬೇಕು ಕಣೋ. ನಾನು ಆ ಮಗೀಗೆ ಮಾತು ಕೊಟ್ಟಿವ್ನಿ."

ಅಕ್ಕ ನನ್ನ ಹತ್ತಿರ ಏನಾದರೂ ಕೇಳಿದ್ದು ನೆನಪಿಲ್ಲ. ಕೊಟ್ಟು ಗೊತ್ತು ಅವಳಿಗೆ, ಕೇಳಿ ಗೊತ್ತಿಲ್ಲ. ಆಯ್ತು ಬಾ ಅಂದೆ. ಅವಳು ಕೂತಲ್ಲಿಂದ ಏಳಲಿಲ್ಲ, ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ನನಗೆ ಅರ್ಥವಾಯಿತು. ಹೋಗಿ ಹಾಸಿಗೆಯನ್ನು ಮಹಡಿಗೆ ಹೊತ್ತು ಹಾಕಿ ಬಂದೆ. ಸೊಂಟ ಹಿಡಿಯಿತು.

ಮಾರನೆಯ ದಿನ ಗಾರೆಯವರು ಊಟಕ್ಕೆ ಕೂತಾಗ ಅಕ್ಕ ಮೊದಲ ಸಲ ಸ್ಟುಡಿಯೋ ಒಳಗೆ ಬಂದಳು. ಕಿವಿಗೆ ಹೆಡ್‌ಫೋನ್ ಹಾಕಲು ಹೋದರೆ "ಅದೇನೋ ಎತ್ತಿನ ಕೊರಳಿಗೆ ನೊಗ ಹಾಕ್ದಂಗೆ, ತೆಗಿಯೋ ಅತ್ಲಾಗೆ" ಅಂದಳು. ತೆಗೆದೆ. ಹಾಡಿದಳು. ಒಂದು ಸಾಲು ಹಾಡಿ ನಿಲ್ಲಿಸಿದಳು. ಆ ಸಾಲು ಎಷ್ಟು ಉದ್ದವೋ ಅಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಸಾಲು ಎತ್ತಿದಳು.

"ಅಕ್ಕ, ನಡುವೆ ಯಾಕೆ ನಿಲ್ಲುಸ್ತೀಯ? ಎರಡೂ ನೀನೇ ಹೇಳು. ಇಲ್ಲಾಂದ್ರೆ ಜೊತೆಗೆ ಇನ್ನಿಬ್ಬರನ್ನ ಕರ್ಕೊಂಡು ಬಾ."

"ಮದ್ವೆ ದಿನ ಹೆಂಗಸ್ರು ಹೇಳ್ಬೇಡ್ವೇನೋ? ಎಲ್ಲಾನೂ ನಿನ್ನ ಡಬ್ಬಿಲೇ ಹೇಳ್ಬುಟ್ರೆ ಬಂದೋರು ಬಾಯಿಗೆ ಬೀಗ ಹಾಕ್ಕಂಡು ಕೂತಿರ್ಬೇಕಾ? ಜಾಗ ಬುಡು."

ಜಾಗ ಬಿಟ್ಟೆ. ಹಾಡಿ ಮುಗಿದ ಮೇಲೆ ಹಾಕಿ ಕೇಳಿಸಿದೆ. ನನಗೆ ಮೊದಲ ಸಾಲಿಗೇ ಗೊತ್ತಾಗಿತ್ತು. ಗೋಡೆ ಬಡಿದು ಬಂದ ದನಿ, ಚಳಿಗೆ ನಿಂತ ಹಾಗಿತ್ತು. ಆ ನಡುವಿನ ಖಾಲಿ ಜಾಗ ಇನ್ನೂ ಕೆಟ್ಟದ್ದು, ಸಾಲು ನಿಂತ ಮೇಲೂ ಅದರ ಚೂರು ಗೋಡೆಯಿಂದ ಗೋಡೆಗೆ ಟಣಗುಟ್ಟುತ್ತಿತ್ತು.

ಅಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು. "ಇದ್ಯಾರೋ ಇದು? ಬಸ್‌ಸ್ಟ್ಯಾಂಡಲ್ಲಿ ಮೈಕ್ನೋಳು ಕೂಗ್ದಂಗದೆ."

"ನೀನೇ ಕಣಕ್ಕ."

"ನಾನಿಂಗೆ ಹಾಡ್ತೀನಾ?" ಅಂತ ಕೇಳಿದಾಗ ಅವಳ ಮುಖ ಸಣ್ಣದಾಯಿತು. ನನಗೆ ಬಹಳ ಸಂಕಟವಾಯಿತು. ಅಷ್ಟು ವರ್ಷ ಚಪ್ಪರದ ಕೆಳಗೆ ಹಾಡಿದವಳಿಗೆ ತನ್ನ ದನಿಯ ಮೇಲೆ ಅನುಮಾನ ಬರುವ ಹಾಗೆ ಮಾಡಿದ್ದೆನಲ್ಲ.

ಇನ್ನೂ ಮೂರು ನಾಲ್ಕು ದಿನ ಇತ್ತು. ಮನೆಯಲ್ಲಿದ್ದ ಕಂಬಳಿಯೆಲ್ಲ ಕಟ್ಟಿದೆ. ಜಮಖಾನ ಸುತ್ತಿ ನಿಲ್ಲಿಸಿದೆ. ಹಗ್ಗ ಎಳೆದು ಹೆಂಡತಿಯ ಸೀರೆಗಳನ್ನು ನೇತು ಹಾಕಿದೆ. "ಇದೇನು ಸ್ಟುಡಿಯೋನೋ ಇಸ್ತ್ರಿ ಅಂಗಡಿನೋ" ಅಂತ ಅವಳು ಕೇಳಿದಳು. ಟಣಗುಟ್ಟುವುದು ಸ್ವಲ್ಪ ಕಡಿಮೆಯಾಯಿತು, ಚಳಿ ಹೋಗಲಿಲ್ಲ. ಆ ತೆಳ್ಳನೆ ಬಟ್ಟೆಗಳಿಗೆ ಅಕ್ಕನ ದನಿಯ ಅಡಿಭಾಗ ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕೆ ದಪ್ಪ ಬೇಕು, ಹಾಸಿಗೆಯೇ ಬೇಕು. ಗೊತ್ತಿದ್ದೂ ಎರಡು ದಿನ ಒದ್ದಾಡಿದೆ. ಆಮೇಲೆ ಅಕ್ಕನ ಮನೆಗೇ ಹೋಗಿ ಹೇಳಿದೆ.

"ಹಾಸಿಗೆ ಇಲ್ದೆ ಆಗಲ್ಲ ಕಣಕ್ಕ. ಅವ್ವ ನಿಂಗೇನು ಮೈಲಿಗೆನಾ?"

ಕೇಳಬಾರದಿತ್ತು. ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮೈಲಿಗೆ ಅಂತ ಬಾಯಿ ಮಾತಿಗೆ ಅಂತೀನಿ ಕಣೋ. ಅದನ್ನ ನೋಡಿದ್ರೆ ಅವ್ವ ಉಸಿರಿಗೆ ಒದ್ದಾಡಿದ್ದು ಕಣ್ಮುಂದೆ ಬತ್ತದೆ. ಕಡೇ ದಿನ ನಾನೇ ಅಲ್ವಾ ಬೆನ್ನು ನೀವ್ತಾ ಕೂತಿದ್ದುದು? ನೀನು ಆಕ್ಸಿಜನ್ನು, ಆಸ್ಪತ್ರೆ ಅಂತ ಓಡಾಡ್ತಿದ್ದೆ. ಆ ಹಾಸಿಗೆ ಮುಂದೆ ನಿಂತು ಮದ್ವೆ ಹಾಡು ಎಂಗೆ ಹಾಡ್ಲಿ, ನೀನೇ ಹೇಳು."

ಇಷ್ಟು ವರ್ಷ ಇವಳದು ಬರೀ ಶಾಸ್ತ್ರ ಅಂದುಕೊಂಡಿದ್ದೆ. ಸೊಪ್ಪು ಬಿಡಿಸಲು ಕೂತು, ಅರ್ಧ ಕಟ್ಟು ಮುಗಿಸಿ ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ಅಕ್ಕ ಗೇಟು ತೆಗೆದುಕೊಂಡು ಬಂದಳು. ಕೈಯಲ್ಲಿ ಕತ್ತರಿ, ದಬ್ಬಳ, ತನ್ನ ಎರಡು ಹಳೇ ಸೀರೆ.

"ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಅವ್ವ ಮಲಗಿದ್ದುದು ಬಟ್ಟೆ ಮೇಲೆ. ಒಳಗಿನ ಹತ್ತಿ ಮರದ್ದು. ಮರಕ್ಕೆಂತಾ ಸೂತಕ? ಬಟ್ಟೆ ಕಿತ್ತು ಎಸೆಯವ, ಹತ್ತಿಗೆ ಬಿಸ್ಲು ತೋರ್ಸವ, ಈ ಸೀರೆಲಿ ಹೊಸ್ದಾಗಿ ಹೊಲಿಯವ. ಆಮೇಲೆ ಅದು ಬೇರೇನೇ ಹಾಸಿಗೆ. ನಡಿ."

ಯಾವ ಶಾಸ್ತ್ರದಲ್ಲಿ ಇದೆಯೋ ನನಗೆ ಗೊತ್ತಿಲ್ಲ. ಅವಳೇ ರಾತ್ರಿ ಬರೆದುಕೊಂಡ ಶಾಸ್ತ್ರ ಇರಬೇಕು. ನಾನು ಬಾಯಿ ತೊಳೆದು ಅವಳ ಹಿಂದೆ ಮಹಡಿ ಹತ್ತಿದೆ.

ನೋಡಿ, ಇಬ್ಬರೂ ಬೇಸಾಯದ ಮನೆಯಲ್ಲಿ ಹುಟ್ಟಿದವರು. ಬೂರುಗದ ಹತ್ತಿ ಆರಿಸುವಾಗ ಅವ್ವ ಮೂಗಿಗೆ ಸೆರಗು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡವರು. ಆಷಾಢದ ಗಾಳಿ ಮೈಸೂರಿನಲ್ಲಿ ಹೇಗೆ ಬೀಸುತ್ತದೆ ಅಂತ ಹುಟ್ಟಿದಾಗಿನಿಂದ ಗೊತ್ತಿರುವವರು. ಅಂಥ ಇಬ್ಬರು ಬುದ್ಧಿವಂತರು ಆಷಾಢದಲ್ಲಿ, ತೆರೆದ ಮಹಡಿಯ ಮೇಲೆ, ಬೂರುಗದ ಹಾಸಿಗೆಯ ಹೊಲಿಗೆ ಬಿಚ್ಚಿದೆವು. ಒಂದು ಕಡೆ ಅಂಚು ಬಿಡುತ್ತಲೇ ಗಾಳಿ ಒಳಗೆ ನುಗ್ಗಿತು. ಹಾಸಿಗೆ ಒಂದು ಸಲ ಉಬ್ಬಿ ಬುಸ್ ಅಂತ ಹತ್ತಿಯನ್ನು ಕಕ್ಕಿತು. ನಾನು ಅದರ ಮೇಲೆ ಬೋರಲು ಬಿದ್ದೆ. ಪ್ರಯೋಜನ ಏನು? ನನ್ನ ಎರಡೂ ಪಕ್ಕದಿಂದ ಎದ್ದು ಹಾರಿತು. ಬೋಗಾದಿಯ ಮೇಲೆಲ್ಲ ನಮ್ಮ ಹೊಲದ ಹತ್ತಿ. ಪಕ್ಕದ ಕಟ್ಟಡದಲ್ಲಿ ಆಗತಾನೆ ಗೋಡೆಗೆ ಗಿಲಾವು ಮೆತ್ತಿ ಮುಗಿಸಿದ್ದ ಗಾರೆಯವನು ಕರಣೆ ಎತ್ತಿ ಕೂಗಿದ, "ಏನ್ ಸಾರ್ ಇದು! ಗೋಡೆಗೆ ಗಡ್ಡ ಬಂತಲ್ಲ ಸಾರ್!"

ಅಕ್ಕ ಆ ಗೋಡೆ ನೋಡಿದಳು, ಹಾಸಿಗೆಯ ಮೇಲೆ ಕೈಕಾಲು ಚಾಚಿ ಬಿದ್ದಿದ್ದ ನನ್ನನ್ನು ನೋಡಿದಳು, ನಕ್ಕಳು. ಅವ್ವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಾಯಿ ಪೂರ್ತಿ ತೆರೆದು ನಕ್ಕಳು. ತೆರೆದ ಬಾಯಿಗೆ ಹತ್ತಿ ಹೋಯಿತು.

ಕೆಮ್ಮು ಶುರುವಾಯಿತು. ನೀರು ಕುಡಿಸಿದೆ, ಬೆಲ್ಲ ತಿನ್ನಿಸಿದೆ, ಬೆನ್ನು ಗುದ್ದಿದೆ. ನಿಲ್ಲಲಿಲ್ಲ. ಕೆಮ್ಮುತ್ತಲೇ ಉಳಿದ ಹತ್ತಿಯನ್ನು ಸೀರೆಯೊಳಗೆ ತುಂಬಿದಳು, ಕೆಮ್ಮುತ್ತಲೇ ದಬ್ಬಳ ಹಾಕಿ ಹೊಲಿದಳು. ಅರ್ಧದಷ್ಟು ಹತ್ತಿ ಹಾರಿಹೋಗಿತ್ತು, ಆದರೂ ಒಂದು ಮೂಲೆ ತುಂಬುವಷ್ಟು ದಪ್ಪ ಉಳಿದಿತ್ತು. ಸಂಜೆಗೆ ಕೆಮ್ಮು ಕಡಿಮೆಯಾಯಿತು. ಕೆಮ್ಮಿಗೆ ಕಟ್ಟಿಹೋದ ದನಿ ಮಾತ್ರ ವಾಪಸ್ಸು ಬರಲಿಲ್ಲ. ಮಾತಾಡಿದರೆ ಬಾಗಿಲು ಕಿರುಗುಟ್ಟಿದ ಹಾಗೆ ಕೇಳುತ್ತಿತ್ತು.

ಮಾಡಿದ್ದುಣ್ಣೋ ಮಹರಾಯ. ಡಾಕ್ಟರ ಕತ್ತರಿ ಬೀಳುವ ಮೊದಲೇ ನಾವೇ ಕೂತು ಅವಳ ದನಿ ತೆಗೆದಿದ್ದೆವು. ಒಂದು ಚೂರು ಬೆಚ್ಚಗಿನ ಸೌಂಡಿಗೆ ಹೋಗಿ ಇದ್ದ ದನಿಯನ್ನೂ ಕಳೆದೆನಲ್ಲ ಅಂತ ನನಗೆ ನನ್ನ ಮೇಲೇ ಅಸಹ್ಯ ಬಂತು. ಆ ಬಸ್‌ಸ್ಟ್ಯಾಂಡಿನ ದನಿಯಾದರೂ ಅವಳ ಗಟ್ಟಿ ದನಿಯಾಗಿತ್ತು, ಅದನ್ನೇ ಇಟ್ಟುಕೊಳ್ಳೋಣ ಅಂದರೆ ಅದನ್ನು ಅವಳೆದುರೇ ಅಳಿಸಿದ್ದೆ. ಅವಳೇ "ಅಳಿಸ್ಬುಡು, ಮಾನ ಹೋಯ್ತದೆ" ಅಂದಿದ್ದಳು.

ಭಾನುವಾರ ಗಾರೆಯವರಿಗೆ ರಜ. ಅಪರೂಪಕ್ಕೆ ಬೋಗಾದಿ ಸದ್ದಿಲ್ಲದೆ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು. ಅಕ್ಕ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಮದುವೆ ಮನೆಗೆ ಹೋಗುವವಳ ಹಾಗೆ ಬಂದಳು.

"ದನಿ ಇಲ್ವಲ್ಲಕ್ಕ," ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಇರೋದ್ರಲ್ಲೇ ಹಾಡ್ತೀನಿ ಬುಡು. ನಾಳೆಗೆ ಇದೂ ಇರ್ತದೋ ಇಲ್ವೋ."

ಹೊಸ ಹಾಸಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದ್ದೆ. ಹಸಿರು ಸೀರೆ, ಕೆಂಪು ಅಂಚು. ಅಕ್ಕ ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. ಕೈಯಿಂದ ಒಂದು ಸಲ ತಟ್ಟಿದಳು. ಆಮೇಲೆ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ನಾನು ಮೈಕನ್ನು ಅವಳ ಎದೆಯ ಮಟ್ಟಕ್ಕೆ ಇಳಿಸಿ ಹೊರಗೆ ಬಂದೆ.

ಮೇಲಿನ ಸ್ವರ ಒಂದೂ ಬರಲಿಲ್ಲ. ಬೀದಿ ದಾಟುತ್ತಿದ್ದ ದನಿ ಮಣೆಯ ಸುತ್ತ ಕೂತವರಿಗೆ ಕೇಳುವಷ್ಟಕ್ಕೆ ಇಳಿದಿತ್ತು. ಆದರೆ ಇಷ್ಟು ವರ್ಷದಲ್ಲಿ ನನ್ನ ಕೋಣೆಯಲ್ಲಿ ಅಂಥ ಸದ್ದು ನಾನು ಹಿಡಿದಿರಲಿಲ್ಲ. ಗಂಟಲಿನ ಕರಕರ, ಉಸಿರು, ಬಳೆ ಸರಿದಿದ್ದು, ಎಲ್ಲ ಹತ್ತಿರದಲ್ಲಿತ್ತು, ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗಿತ್ತು. ಸಾಲು ನಿಂತ ಮೇಲೆ ಬರುವ ಖಾಲಿ ಜಾಗವೂ ಟಣಗುಟ್ಟಲಿಲ್ಲ. ಯಾರೋ ಕೇಳಿಸಿಕೊಳ್ಳುತ್ತಾ ಕೂತಿದ್ದಾರೆ ಅನ್ನಿಸುವ ಹಾಗೆ ಮೆತ್ತಗಿತ್ತು. ನಾನು ಒಂದು ಗುಂಡಿಯನ್ನೂ ಮುಟ್ಟಲಿಲ್ಲ.

"ಎಂಗೆ ಬಂತು?" ಅಂದಳು ಹೊರಗೆ ಬಂದು.

"ಚೆನ್ನಾಗಿ ಬಂತು."

"ಸುಳ್ಳು ಹೇಳ್ಬ್ಯಾಡ."

"ದನಿ ಕೆಟ್ಟದೆ ಕಣಕ್ಕ. ಆದ್ರೆ ಬೆಚ್ಚಗದೆ."

"ಅಷ್ಟು ಸಾಕು ಬುಡು," ಅಂದು ಕಾಫಿ ಕೇಳಿದಳು.

ಆಪರೇಷನ್ ಚೆನ್ನಾಗಾಯಿತು. ಗಡ್ಡೆ ಹೋಯಿತು, ಭಯ ಇಲ್ಲ ಅಂದರು. ದನಿಯ ಸಂಗತಿ ಡಾಕ್ಟರು ಹೇಳಿದ ಹಾಗೇ ಆಯಿತು. ಮೊದಲ ವಾರ ಬರೀ ಗಾಳಿ ಬರುತ್ತಿತ್ತು. ಆಮೇಲೆ ತಗ್ಗಿನಲ್ಲಿ ಒಂದಿಷ್ಟು ಬಂತು, ಅಷ್ಟಕ್ಕೇ ನಿಂತಿತು. ಎರಡು ಮಾತಿಗೆ ಒಂದು ಸಲ ಉಸಿರು ಎಳೆದುಕೊಳ್ಳಬೇಕು. ಯಾರಾದರೂ ಹಾಡಿನ ಮಾತು ತೆಗೆದರೆ ಅಕ್ಕ ಕೈ ಆಡಿಸಿ ಆಚೆ ಹೋಗುವಳು. ಆ ಕೈ ಆಡಿಸುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಮೊಮ್ಮಗಳ ಮುಂದೆ ಮಾತ್ರ, "ನಿನ್ನ ತಾತನ ತಾವು ನನ್ನ ದನಿ ಮಡಗಿವ್ನಿ, ಹೆದರ್ಕಬ್ಯಾಡ" ಅಂತ ನನ್ನ ಕಡೆ ತೋರಿಸಿ ಹೇಳುವಳು.

ಅರಿಶಿಣದ ದಿನ ಹಿನಕಲ್‌ನಲ್ಲಿ ಅಕ್ಕನ ಮನೆಯ ಮುಂದೆ ಚಪ್ಪರ ಹಾಕಿದ್ದರು. ನಾನು ಬೆಳಿಗ್ಗೆಯೇ ಎರಡು ಸ್ಪೀಕರ್ ಹೊತ್ತುಕೊಂಡು ಹೋದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಸುತ್ತ ಕೂತರು. ಅಕ್ಕ ಹುಡುಗಿಯ ಪಕ್ಕ ನೆಲದಲ್ಲಿ ಕೂತಿದ್ದಳು, ಕತ್ತಿನ ಗಾಯ ಕಾಣದ ಹಾಗೆ ಸೆರಗು ಸುತ್ತಿಕೊಂಡಿದ್ದಳು. ನನಗೆ ಕಣ್ಣಲ್ಲೇ ಹಾಕು ಅಂದಳು. ಹಾಕಿದೆ.

ಅಕ್ಕನ ದನಿ ಚಪ್ಪರದ ಕೆಳಗೆ ಬಂತು. ಹುಡುಗಿ ಅರಿಶಿಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಮೊದಲ ಸಾಲು ಮುಗಿಯಿತು. ಖಾಲಿ ಜಾಗ ಬಂತು.

ಯಾರೂ ತಗೊಳ್ಳಲಿಲ್ಲ. ಹೆಂಗಸರೆಲ್ಲ ಅಕ್ಕನ ಮುಖ ನೋಡುತ್ತಿದ್ದರು. ಎತ್ತುವವಳು ಎದುರಿಗೇ ಬಾಯಿ ಮುಚ್ಚಿ ಕೂತಿದ್ದಾಳೆ, ದನಿ ಡಬ್ಬಿಯಿಂದ ಬರುತ್ತಿದೆ, ಅದಕ್ಕೆ ಹಿಂದೆ ಹೇಳುವುದು ಹೇಗೆ ಅಂತ ಅವರಿಗೆ ತಿಳಿಯಲಿಲ್ಲ. ಆ ಖಾಲಿ ಜಾಗದಲ್ಲಿ ನನ್ನ ಕೋಣೆಯ ಸದ್ದಿಲ್ಲದ ಸದ್ದು ಮಾತ್ರ ಸ್ಪೀಕರಿನಲ್ಲಿ ಕೇಳುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವತ್ತೇ ಇನ್ನಿಬ್ಬರನ್ನು ಕರೆಸಿ ತುಂಬಿಸಬೇಕಿತ್ತು, ಇವಳ ಮಾತು ಕೇಳಿ ಕೆಟ್ಟೆ ಅಂದುಕೊಂಡೆ. ಆರಿಸಿಬಿಡೋಣ ಅಂತ ಕೈ ಇಟ್ಟೆ. ಅಷ್ಟರಲ್ಲಿ ಎರಡನೆಯ ಸಾಲು ಬಂದು ಮುಗಿದೇ ಹೋಯಿತು.

ಆಗ ಅಕ್ಕ ಹಿಂದೆ ಹೇಳಿದಳು. ತಗ್ಗಿನಲ್ಲಿ, ಹರಿದ ದನಿಯಲ್ಲಿ. ಅರ್ಧಕ್ಕೆ ಉಸಿರು ಕಡಿಯಿತು, ಒಂದು ಗಳಿಗೆ ನಿಂತಳು, ಮತ್ತೆ ಸೇರಿಕೊಂಡಳು. ನಾನು ಆರಿಸಲು ಇಟ್ಟಿದ್ದ ಕೈ ತೆಗೆದೆ. ಮೂರನೆಯ ಸಾಲಿಗೆ ಪಕ್ಕದ ಇಬ್ಬರು ಸೇರಿದರು. ಆಮೇಲೆ ಚಪ್ಪರವೇ ಹೇಳಿತು.

ಎಲ್ಲ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಅಕ್ಕ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೈಯೆಲ್ಲ ಅರಿಶಿಣ. ಸುಸ್ತಾಗಿದ್ದಳು, ನನಗೂ ಸಾಕಾಗಿತ್ತು.

"ಅವ್ವ ಸಾಲು ಹೇಳ್ತಿದ್ದ ಜಾಗ ಅಂತ ಖಾಲಿ ಬುಟ್ಟಿದ್ದೆ ಕಣೋ," ಅಂದಳು, ನಡುವೆ ಉಸಿರು ಎಳೆದುಕೊಂಡು. "ನಂಗೇ ಬೇಕಾಯ್ತು ನೋಡು."